ಹವಾಮಾನ ನಕ್ಷೆಗೆ ‘ಯುದ್ಧರಂಗ’ ಬಂದಿದ್ದು ಹೇಗೆ? ವಿಲ್ಹೆಲ್ಮ್ ಬ್ಯರ್ಕ್‌ನೆಸ್ ಬದುಕಿನ ಕತೆ

ಯುರೋಪಿನದೋ ಅಮೆರಿಕದ್ದೋ ಹವಾಮಾನ ನಕ್ಷೆಯನ್ನು ಒಮ್ಮೆ ಮೊಬೈಲಿನಲ್ಲಿ ತೆರೆದು ನೋಡಿ. ಒಂದು ನೀಲಿ ಗೆರೆಗೆ ಗರಗಸದಂಥ ಹಲ್ಲುಗಳಿರುತ್ತವೆ, ಒಂದು ಕೆಂಪು ಗೆರೆಗೆ ಅರ್ಧಚಂದ್ರಗಳಿರುತ್ತವೆ. ನೀಲಿ ಅಂದ್ರೆ ತಣ್ಣನೆಯ ಗಾಳಿ ಮುನ್ನುಗ್ಗುತ್ತಿರುವ ಗಡಿ. ಕೆಂಪು ಅಂದ್ರೆ ಬೆಚ್ಚನೆಯ ಗಾಳಿ ಮುಂದೊತ್ತುತ್ತಿರುವ ಗಡಿ. ಈ ಗೆರೆಗಳಿಗೆ ಇಂಗ್ಲಿಷಿನಲ್ಲಿ ‘ಫ್ರಂಟ್’ ಅಂತಾರೆ. ಎರಡು ಸೈನ್ಯಗಳು ಎದುರುಬದುರು ನಿಲ್ಲುವ ಜಾಗಕ್ಕೂ ಅದೇ ಹೆಸರು. ಹೆಸರು ಸುಮ್ಮನೆ ಹೊಂದಿಕೊಂಡಿದ್ದಲ್ಲ. ಮೊದಲ ಮಹಾಯುದ್ಧ ಮುಗಿದ ಮರುವರ್ಷ, ನಾರ್ವೆಯ ಬರ್ಗನ್ ಎಂಬ ಮಳೆಯೂರಿನಲ್ಲಿ, ಒಂದು ಮನೆಯ ಮೇಲಂತಸ್ತಿನಲ್ಲಿ ಕೂತಿದ್ದ ಕೆಲವು ಹುಡುಗರು ಯುದ್ಧಭೂಮಿಯ ಪದವನ್ನು ಆಕಾಶಕ್ಕೆ ಎತ್ತಿಕೊಂಡು ಹೋದರು. ಆ ಮನೆ ವಿಲ್ಹೆಲ್ಮ್ ಬ್ಯರ್ಕ್‌ನೆಸ್ ಅವರದ್ದು.

ಹವಾಮಾನದ ಪಠ್ಯಪುಸ್ತಕಗಳಲ್ಲಿ ಈ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಆದರೆ ಅವರ ಬದುಕನ್ನು ಸ್ವಲ್ಪ ನಿಧಾನಕ್ಕೆ ನೋಡಿದರೆ, ನಾಳೆ ಮಳೆ ಬರುತ್ತಾ ಅನ್ನೋ ಸಾದಾ ಪ್ರಶ್ನೆಯ ಹಿಂದೆ ಎಷ್ಟು ರಾಜಕಾರಣ ಇದೆ ಅನ್ನೋದು ಗೊತ್ತಾಗುತ್ತೆ. ಗಾಳಿ ಗಡಿ ನೋಡಿ ಬೀಸುವುದಿಲ್ಲ. ಆದರೆ ಗಾಳಿಯ ಬಗೆಗಿನ ಮಾಹಿತಿಗೆ ಗಡಿ ಹಾಕಬಹುದು. ಹಾಕಿಯೂ ಇದ್ದರು.

ಬ್ಯರ್ಕ್‌ನೆಸ್ ಹುಟ್ಟಿದ್ದು 1862ರ ಮಾರ್ಚ್ 14ರಂದು, ಈಗ ಓಸ್ಲೋ ಎಂದು ಕರೆಯುವ ಕ್ರಿಸ್ಟಿಯಾನಿಯಾದಲ್ಲಿ. ನಾರ್ವೆ ಆಗಿನ್ನೂ ಸ್ವೀಡನ್ ರಾಜನ ಅಧೀನದಲ್ಲಿತ್ತು. ತಂದೆ ಕಾರ್ಲ್ ಆಂಟನ್ ಗಣಿತದ ಪ್ರಾಧ್ಯಾಪಕರು. ನೀರಿನೊಳಗೆ ಮಿಡಿಯುವ ಗೋಲಗಳನ್ನಿಟ್ಟರೆ ಅವು ಒಂದನ್ನೊಂದು ಸೆಳೆಯುತ್ತವೆ, ತಳ್ಳುತ್ತವೆ, ಹೆಚ್ಚುಕಮ್ಮಿ ವಿದ್ಯುತ್ತಿನ ಹಾಗೆ ವರ್ತಿಸುತ್ತವೆ ಎಂದು ತೋರಿಸುವುದೇ ಅವರ ಜೀವಮಾನದ ಗೀಳು. 1881ರಲ್ಲಿ ಪ್ಯಾರಿಸ್ಸಿನ ಅಂತಾರಾಷ್ಟ್ರೀಯ ವಿದ್ಯುತ್ ಪ್ರದರ್ಶನಕ್ಕೆ ಅಪ್ಪ ಮಗ ಇಬ್ಬರೂ ಈ ಸಲಕರಣೆ ಹೊತ್ತುಕೊಂಡು ಹೋದರು. ಆಗ ಮಗನಿಗೆ 19. ಪ್ಯಾರಿಸ್ಸಿನಲ್ಲಿ ಮೆಚ್ಚುಗೆಯೇನೋ ಸಿಕ್ಕಿತು. ಆದರೆ ಅಪ್ಪ ಬರೆದು ಪ್ರಕಟಿಸುವ ವಿಷಯದಲ್ಲಿ ಮಹಾ ಹಿಂಜರಿಕೆಯ ಮನುಷ್ಯ. ಒಂಟಿಯಾಗಿ ಕೂತು ಕೆಲಸ ಮಾಡುವುದು ಅಂದ್ರೆ ಏನು ಅನ್ನೋದನ್ನು ಮಗ ಹತ್ತಿರದಿಂದ ನೋಡಿದರು. ಮುಂದೆ ಜೀವನಪೂರ್ತಿ ತನ್ನ ಸುತ್ತ ಜನರನ್ನು ಸೇರಿಸಿಕೊಂಡೇ ಕೆಲಸ ಮಾಡಿದ್ದಕ್ಕೆ ಇದೇ ಕಾರಣ ಅಂತ ನನಗನ್ನಿಸುತ್ತೆ.

ಪ್ಯಾರಿಸ್ಸಿನಲ್ಲಿ ಪ್ವಾಂಕರೆ ಅವರ ಪಾಠ ಕೇಳಿ, ಬಾನ್‌ನಲ್ಲಿ ರೇಡಿಯೋ ಅಲೆಗಳ ಹೈನ್‌ರಿಕ್ ಹರ್ಟ್ಸ್ ಅವರಿಗೆ ಸಹಾಯಕರಾಗಿದ್ದು, ಕೊನೆಗೆ ಬ್ಯರ್ಕ್‌ನೆಸ್ ಸ್ಟಾಕ್‌ಹೋಮಿಗೆ ಬಂದು ಪ್ರಾಧ್ಯಾಪಕರಾದರು. ಅಲ್ಲಿಯವರೆಗೂ ಅವರು ಪಕ್ಕಾ ಭೌತವಿಜ್ಞಾನಿ. ತಿರುವು ಬಂದಿದ್ದು 1890ರ ದಶಕದ ಕೊನೆಗೆ. ಹರಿಯುವ ದ್ರವದಲ್ಲಿ ಸುಳಿಗಳು ತಾವಾಗಿಯೇ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ ಎಂಬುದು ಹೆಲ್ಮ್‌ಹೋಲ್ಟ್ಸ್ ಮತ್ತು ಕೆಲ್ವಿನ್ ಕೊಟ್ಟಿದ್ದ ಹಳೆಯ ಸಿದ್ಧಾಂತ. ದ್ರವದ ಸಾಂದ್ರತೆ ಒತ್ತಡವೊಂದನ್ನೇ ಅವಲಂಬಿಸಿದ್ದರೆ ಮಾತ್ರ ಅದು ಸರಿ. ಆದರೆ ನಿಜವಾದ ಗಾಳಿಯಲ್ಲಿ ಶಾಖವೂ ಇದೆ, ತೇವವೂ ಇದೆಯಲ್ಲ? ಒಂದೇ ಒತ್ತಡದಲ್ಲಿರುವ ಎರಡು ಕಡೆಯ ಗಾಳಿಯಲ್ಲಿ ಒಂದು ಬಿಸಿ ಇನ್ನೊಂದು ತಣ್ಣಗೆ ಇದ್ದರೆ ಸುಳಿ ಹುಟ್ಟಿಯೇ ಹುಟ್ಟುತ್ತದೆ ಎಂದು ಬ್ಯರ್ಕ್‌ನೆಸ್ ತೋರಿಸಿಕೊಟ್ಟರು. ಮಲ್ಪೆಯ ದಡದಲ್ಲಿ ಮಧ್ಯಾಹ್ನ ಕಡಲಿನಿಂದ ತಂಪು ಗಾಳಿ ಬೀಸಲು ಶುರುವಾಗುತ್ತಲ್ಲ, ಅದೂ ಇದೇ. ಕಾದ ನೆಲದ ಮೇಲಿನ ಗಾಳಿ ಏರುತ್ತದೆ, ತಣ್ಣನೆಯ ಕಡಲಗಾಳಿ ಆ ಜಾಗ ತುಂಬಲು ನುಗ್ಗುತ್ತದೆ.

ಇದನ್ನು ಗಾಳಿಗೆ ಮತ್ತು ಕಡಲಿಗೆ ಅನ್ವಯಿಸಿದರೆ ಏನೇನು ಆಗಬಹುದು ಎಂದು ಅವರಿಗಿಂತ ಹೆಚ್ಚು ಉತ್ಸಾಹದಿಂದ ಕೇಳಿದವರು ಸ್ಟಾಕ್‌ಹೋಮಿನ ಗೆಳೆಯರು. 1904ರಲ್ಲಿ ಬ್ಯರ್ಕ್‌ನೆಸ್ ಒಂದು ಪುಟ್ಟ ಲೇಖನ ಬರೆದರು. ಅದರ ವಾದ ಸರಳ, ಆದರೆ ಆ ಕಾಲಕ್ಕೆ ಹುಚ್ಚಾಟದಂತಿತ್ತು. ಗಾಳಿಯ ಸ್ಥಿತಿ ಹೇಳಲು ಏಳು ಸಂಗತಿ ಸಾಕು: ಒತ್ತಡ, ಉಷ್ಣಾಂಶ, ಸಾಂದ್ರತೆ, ತೇವಾಂಶ, ಮತ್ತೆ ಮೂರು ದಿಕ್ಕಿನ ವೇಗ. ಭೌತವಿಜ್ಞಾನದಲ್ಲಿ ಅದಕ್ಕೆ ಬೇಕಾದ ಏಳು ಸಮೀಕರಣಗಳಿವೆ. ಇವತ್ತಿನ ಗಾಳಿ ಹೇಗಿದೆ ಅಂತ ಸರಿಯಾಗಿ ಅಳೆದುಕೊಟ್ಟರೆ ನಾಳೆಯದನ್ನು ಗ್ರಹಣದ ಹಾಗೆ ಲೆಕ್ಕ ಹಾಕಿ ಹೇಳಬಹುದು. ಅಮೆರಿಕದ ಕಾರ್ನೆಗಿ ಸಂಸ್ಥೆ ಈ ಕನಸಿಗೆ ದುಡ್ಡು ಕೊಟ್ಟಿತು, ದಶಕಗಳ ಕಾಲ ಕೊಡುತ್ತಲೇ ಹೋಯಿತು. 1913ರಲ್ಲಿ ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯ ಅವರಿಗಾಗಿ ಒಂದು ಹೊಸ ಸಂಸ್ಥೆಯನ್ನೇ ತೆರೆಯಿತು.

ಮರುವರ್ಷ ಯುದ್ಧ.

ಲೈಪ್‌ಜಿಗ್‌ನ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಸೈನ್ಯಕ್ಕೆ ಹೋದರು. ಗಾಳಿಗಳು ಬಂದು ಕೂಡುವ ಗೆರೆಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಹರ್ಬರ್ಟ್ ಪೆಟ್ಸೋಲ್ಡ್ 1916ರಲ್ಲಿ ವರ್ಡನ್ ಕದನದಲ್ಲಿ ಸತ್ತರು. ಅರ್ಧಕ್ಕೆ ನಿಂತ ಆ ಕೆಲಸವನ್ನು ಎತ್ತಿಕೊಂಡಿದ್ದು ಬ್ಯರ್ಕ್‌ನೆಸ್ ಅವರ ಮಗ ಯಾಕೋಬ್. ಹದಿಹರೆಯ ಇನ್ನೂ ಮುಗಿದಿರದ ಹುಡುಗ, ತಟಸ್ಥ ದೇಶದವನಾದ್ದರಿಂದ ಬಂದೂಕು ಹಿಡಿಯಬೇಕಾಗಿರಲಿಲ್ಲ. ಇಪ್ಪತ್ತನೇ ಶತಮಾನದ ಹವಾಮಾನ ವಿಜ್ಞಾನದ ಅತಿ ದೊಡ್ಡ ಹೊಳಹು ಸತ್ತ ಸೈನಿಕನೊಬ್ಬನ ಟಿಪ್ಪಣಿಗಳಿಂದ ಮುಂದುವರಿಯಿತು ಅನ್ನೋದನ್ನು ಮರೆಯಬಾರದು.

ಊಟಕ್ಕೂ ತತ್ವಾರವಾದ ಜರ್ಮನಿಯಿಂದ 1917ರಲ್ಲಿ ಬ್ಯರ್ಕ್‌ನೆಸ್ ಕುಟುಂಬ ನಾರ್ವೆಗೆ ಮರಳಿತು. ಧ್ರುವಯಾನಿ ಫ್ರಿಟ್ಯೋಫ್ ನಾನ್ಸನ್ ಮತ್ತು ಸಾಗರ ವಿಜ್ಞಾನಿ ಬ್ಯೋರ್ನ್ ಹೆಲ್ಲಾಂಡ್-ಹಾನ್ಸನ್ ಅವರಿಗೆ ಬರ್ಗನ್‌ನಲ್ಲಿ ಜಾಗ ಮಾಡಿಕೊಟ್ಟರು. 55ರ ವಯಸ್ಸಿನಲ್ಲಿ ದೊಡ್ಡ ವಿಶ್ವವಿದ್ಯಾಲಯದ ಸಂಸ್ಥೆ ಬಿಟ್ಟು, ವಿಶ್ವವಿದ್ಯಾಲಯವೇ ಇಲ್ಲದ ಬಂದರು ಊರಿನ ವಸ್ತುಸಂಗ್ರಹಾಲಯಕ್ಕೆ ಸೇರಿದ ಪುಟ್ಟ ಸಂಸ್ಥೆಗೆ ಬಂದಿದ್ದು. ಹೊರಗಿನವರಿಗೆ ಇದು ಹಿಂಬಡ್ತಿ ಥರ ಕಂಡಿರಬೇಕು.

ಇನ್ನು ನಾರ್ವೆಯ ಪರಿಸ್ಥಿತಿ. ತಟಸ್ಥ ದೇಶ ಅನ್ನೋದೇನೋ ನಿಜ, ಆದರೆ ಅದರ ಹಡಗುಗಳು ಜರ್ಮನ್ ಜಲಾಂತರ್ಗಾಮಿಗಳಿಗೆ ಬಲಿಯಾಗುತ್ತಿದ್ದವು. ಹೊರಗಿನ ಧಾನ್ಯವನ್ನೇ ನೆಚ್ಚಿಕೊಂಡ ದೇಶದಲ್ಲಿ 1918ಕ್ಕೆ ಪಡಿತರ ಬಂತು. ಇದ್ದಬದ್ದ ಹೊಲದಲ್ಲಿ ಬೆಳೆದಿದ್ದು ಮಳೆಗೆ ಸಿಕ್ಕಿ ಕೊಳೆಯಬಾರದು, ಅದಕ್ಕೆ ಮುನ್ಸೂಚನೆ ಬೇಕು. ಮುನ್ಸೂಚನೆ ಎಲ್ಲಿಂದ ತರೋದು? ನಾರ್ವೆಗೆ ಹವಾಮಾನ ಬರುವುದು ಪಶ್ಚಿಮದಿಂದ, ಅಟ್ಲಾಂಟಿಕ್ ಕಡೆಯಿಂದ. ಅಲ್ಲಿಯ ಸುದ್ದಿ ತರುತ್ತಿದ್ದ ತಂತಿ ಸಂದೇಶಗಳು ಯುದ್ಧ ಶುರುವಾದ ಮೇಲೆ ನಿಂತುಹೋಗಿದ್ದವು. ಬ್ರಿಟನ್ನಿಗೆ ಮೋಡ, ಗಾಳಿ, ಒತ್ತಡ ಎಲ್ಲವೂ ಸೈನಿಕ ರಹಸ್ಯ. ಶತ್ರುವಿನ ವಾಯುನೌಕೆಗೆ ಸಹಾಯ ಆಗಬಾರದು ಎನ್ನುವ ಲೆಕ್ಕಾಚಾರದಲ್ಲಿ ನಾರ್ವೆಯ ಮೀನುಗಾರ ಕುರುಡನಾದ.

ಬ್ಯರ್ಕ್‌ನೆಸ್ ಇಲ್ಲಿ ಮಾಡಿದ ಕೆಲಸ ನನಗೆ ಅವರ ಸಮೀಕರಣಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಕಡಲಾಚೆಯ ಸುದ್ದಿ ಬರಲ್ಲ ಅಂದಮೇಲೆ ಕಡಲಂಚನ್ನೇ ಕಣ್ಣಾಗಿಸೋಣ ಅಂದರು. ಸರ್ಕಾರದಿಂದ ಹಣ ಹೊಂದಿಸಿದರು. ಆಮೇಲೆ ಪಶ್ಚಿಮ ಕರಾವಳಿಯ ಉದ್ದಕ್ಕೂ ಊರೂರು ಸುತ್ತಿ ದೀಪಸ್ತಂಭದ ಕಾವಲುಗಾರರು, ಮೀನುಗಾರರು, ರೈತರು ಹೀಗೆ ದಿನಾ ಆಕಾಶ ನೋಡಿಯೇ ಬದುಕುವ ಜನರನ್ನು ಹಿಡಿದರು. ಜಲಾಂತರ್ಗಾಮಿಗಳ ಮೇಲೆ ಕಣ್ಣಿಡಲು ನೌಕಾಪಡೆ ಹಾಕಿದ್ದ ಕಾವಲು ಠಾಣೆಗಳನ್ನೂ ಬಳಸಿಕೊಂಡರು. ಬೆರಳೆಣಿಕೆಯಷ್ಟಿದ್ದ ವೀಕ್ಷಣಾ ಕೇಂದ್ರಗಳು ಕೆಲವೇ ತಿಂಗಳಲ್ಲಿ ಹಲವು ಪಟ್ಟು ಹೆಚ್ಚಿದವು. 1918ರ ಬೇಸಿಗೆಯಲ್ಲಿ ರೈತರಿಗೆ ಮುನ್ಸೂಚನೆ ಹೊರಡಲು ಶುರುವಾಯಿತು.

ಮೊದಲೆಲ್ಲ ಕೇಂದ್ರಗಳು ಒಂದಕ್ಕೊಂದು ತೀರಾ ದೂರ ಇದ್ದವು. ದೊಡ್ಡ ಕಣ್ಣಿನ ಬಲೆಯಲ್ಲಿ ಸಣ್ಣ ಮೀನು ನಿಲ್ಲುವುದಿಲ್ಲವಲ್ಲ, ಹಾಗೆ ಗಾಳಿಯೊಳಗಿನ ಚೂಪಾದ ಗಡಿಗಳು ನಕ್ಷೆಗೆ ಸಿಕ್ಕುತ್ತಿರಲಿಲ್ಲ. ಎಲ್ಲವೂ ಮೆತ್ತಗೆ, ವೃತ್ತಾಕಾರವಾಗಿ ಕಾಣುತ್ತಿತ್ತು. ಈಗ ಬಲೆಯ ಕಣ್ಣು ಸಣ್ಣದಾಯಿತು. ಬಿರುಗಾಳಿಯೊಂದು ದಡಕ್ಕೆ ಬಂದರೆ ಅದರೊಳಗೆ ಎರಡು ಸ್ಪಷ್ಟ ಗೆರೆಗಳು. ಆ ಗೆರೆ ದಾಟುತ್ತಿದ್ದಂತೆ ಕೆಲವೇ ಕಿಲೋಮೀಟರ್ ಅಂತರದಲ್ಲಿ ಗಾಳಿಯ ದಿಕ್ಕು ತಿರುಗುತ್ತದೆ, ಉಷ್ಣಾಂಶ ಜಿಗಿಯುತ್ತದೆ. 1919ರ ಆರಂಭದಲ್ಲಿ 21 ವರ್ಷದ ಯಾಕೋಬ್ ಇದನ್ನು ಕೇವಲ ಎಂಟು ಪುಟದ ಲೇಖನದಲ್ಲಿ ಬರೆದ.

ಏನಿದರ ಒಳಗುಟ್ಟು? ಗಾಳಿ ಎಲ್ಲಿ ಹೆಚ್ಚು ದಿನ ತಂಗುತ್ತದೋ ಅಲ್ಲಿಯ ಗುಣ ಅಂಟಿಸಿಕೊಳ್ಳುತ್ತದೆ. ಗ್ರೀನ್‌ಲ್ಯಾಂಡಿನ ಹಿಮದ ಮೇಲೋ ಚಳಿಗಾಲದ ಸೈಬೀರಿಯಾದ ಮೇಲೋ ಬಿದ್ದುಕೊಂಡ ಗಾಳಿ ತಳದಿಂದಲೇ ತಣಿಯುತ್ತದೆ, ಕುಗ್ಗುತ್ತದೆ, ಭಾರವಾಗಿ ನೆಲಕ್ಕೆ ಅಂಟಿಕೊಳ್ಳುತ್ತದೆ. ಅದರಲ್ಲಿ ಹೆಚ್ಚು ನೀರಾವಿ ಇರುವುದಕ್ಕೂ ಆಗುವುದಿಲ್ಲ. ಅಜೋರ್ಸ್ ದ್ವೀಪಗಳ ಸುತ್ತಲಿನ ಬೆಚ್ಚನೆಯ ಕಡಲ ಮೇಲೆ ನಿಂತ ಗಾಳಿಯೋ, ಹಗುರ ಮತ್ತು ತೇವ. ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯಲ್ಲಿ ಇರಬಹುದಾದ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಹೀಗೆ ನೂರಾರು, ಸಾವಿರಾರು ಕಿಲೋಮೀಟರ್ ಹರಡಿಯೂ ಹೆಚ್ಚುಕಮ್ಮಿ ಒಂದೇ ಗುಣ ಇರುವ ಗಾಳಿಯ ಮುದ್ದೆಗೆ ವಾಯುರಾಶಿ ಅಂತ ಹೆಸರು.

ಇಂಥ ಎರಡು ರಾಶಿಗಳು ಎದುರಾದಾಗ ಹಾಲು ನೀರಿನಂತೆ ಬೆರೆಯುವುದಿಲ್ಲ. ಬೆಚ್ಚನೆಯದು ಮುಂದೊತ್ತಿದರೆ, ತಣ್ಣನೆಯ ಭಾರವಾದ ಗಾಳಿಯನ್ನು ಎತ್ತಿ ಎಸೆಯಲು ಅದಕ್ಕೆ ಶಕ್ತಿ ಸಾಲದು. ಅದರ ಬೆನ್ನೇರಿ ಜಾರುತ್ತದೆ. ಆ ಇಳಿಜಾರು ಎಷ್ಟು ನಯ ಅಂದ್ರೆ ಒಂದು ಕಿಲೋಮೀಟರ್ ಏರಲು ನೂರು, ನೂರೈವತ್ತು ಕಿಲೋಮೀಟರ್ ಸಾಗಬೇಕು. ಅದಕ್ಕೇ ಮಳೆಗೆ ಒಂದು ದಿನ ಮೊದಲೇ ಎತ್ತರದಲ್ಲಿ ಹತ್ತಿ ಎಳೆಯಂಥ ಮೋಡ, ಚಂದ್ರನ ಸುತ್ತ ಉಂಗುರ. ಆಮೇಲೆ ಮೋಡ ದಪ್ಪವಾಗುತ್ತಾ ಕೆಳಗಿಳಿಯುತ್ತದೆ. ಕೊನೆಗೆ ಗಂಟೆಗಟ್ಟಲೆ ಬಿಡದೆ ಸುರಿಯುವ ಜಿಟಿಜಿಟಿ. ತಣ್ಣನೆಯ ಗಾಳಿ ಮುನ್ನುಗ್ಗಿದಾಗ ಕತೆ ಬೇರೆ. ಅದು ಉಳಿಯಂತೆ ನೆಲದ ಮೇಲೇ ನುಗ್ಗಿ ಬೆಚ್ಚನೆಯ ಗಾಳಿಯನ್ನು ಗಬಕ್ಕನೆ ಮೇಲೆತ್ತುತ್ತದೆ. ಕಿರಿದಾದ ಪಟ್ಟಿ, ಕಡಿದಾದ ಮೋಡ, ಗುಡುಗು, ಬಿರುಸು ಮಳೆ. ಸ್ವಲ್ಪ ಹೊತ್ತಿಗೆ ಆಕಾಶ ತಿಳಿ, ಆದರೆ ಮೈ ನಡುಕ. ಮೇಲಿಂದ ಮೇಲೆ ಓಡುವ ಈ ತಣ್ಣನೆಯ ಗಡಿ ಕೊನೆಗೆ ಬೆಚ್ಚನೆಯ ಗಡಿಯನ್ನು ಹಿಂದಿನಿಂದ ಹಿಡಿದುಬಿಡುತ್ತದೆ. ಬೆಚ್ಚನೆಯ ಗಾಳಿ ಪೂರ್ತಿ ನೆಲ ಬಿಟ್ಟು ಮೇಲೇರಿದರೆ ಬಿರುಗಾಳಿಯ ಆಯುಷ್ಯ ಮುಗಿಯಿತು. ಇದನ್ನು ಗುರುತಿಸಿದ್ದು ಸ್ವೀಡನ್ನಿನ ಟೂರ್ ಬರ್ಗೆರೋನ್, 1919ರ ಕೊನೆಗೆ. ವಾಯುರಾಶಿಗಳನ್ನು ಹುಟ್ಟಿದ ಜಾಗದ ಮೇಲೆ ವಿಂಗಡಿಸುವ ಪದ್ಧತಿಯನ್ನು 1928ರಲ್ಲಿ ಕಟ್ಟಿಕೊಟ್ಟವರೂ ಅವರೇ.

ಬೆಚ್ಚನೆಯ, ತಣ್ಣನೆಯ ಗಾಳಿಗಳ ತಿಕ್ಕಾಟದ ಮಾತು ಹೊಸದೇನಲ್ಲ. ಬ್ರಿಟನ್ನಿನ ಫಿಟ್ಜ್‌ರಾಯ್ 1860ರ ದಶಕದಲ್ಲೇ ಅದನ್ನು ಹೇಳಿದ್ದರು. ಬರ್ಗನ್ನಿನವರು ಅದಕ್ಕೆ ಚೂಪಾದ ಗಡಿ, ಎತ್ತರ, ಹುಟ್ಟು-ಸಾವು ಎಲ್ಲ ಕೊಟ್ಟು ದಿನಬೆಳಗಾದರೆ ನಕ್ಷೆಯಲ್ಲಿ ಎಳೆದು ತೋರಿಸಿದರು. ಧ್ರುವದ ಗಾಳಿಯೂ ಉಷ್ಣವಲಯದ ಗಾಳಿಯೂ ಭೂಮಿಯ ಸುತ್ತ ಒಂದು ಉದ್ದನೆಯ ಗಡಿಯಲ್ಲಿ ಸೆಣಸುತ್ತವೆ, ಒಮ್ಮೆ ಇವರು ಮುಂದೆ ಒಮ್ಮೆ ಅವರು ಮುಂದೆ, ಆ ಗಡಿ ಬಾಗಿ ಅಲೆಯಾದಾಗ ಬಿರುಗಾಳಿ ಹುಟ್ಟುತ್ತದೆ. ನಾಲ್ಕು ವರ್ಷ ಪತ್ರಿಕೆಗಳಲ್ಲಿ ಪಶ್ಚಿಮ ರಂಗದ ನಕ್ಷೆ ನೋಡಿ ನೋಡಿ ಬೆಳೆದ ಹುಡುಗರಿಗೆ ಬೇರೆ ಹೆಸರು ಹೊಳೆಯುವುದಾದರೂ ಹೇಗೆ?

ಹಾಗಾದರೆ ಇದೆಲ್ಲ ವಿಲ್ಹೆಲ್ಮ್ ಬ್ಯರ್ಕ್‌ನೆಸ್ ಅವರ ಸಾಧನೆಯಾ? ಗೆರೆಗಳನ್ನು ಕಂಡವರು ಯಾಕೋಬ್, ಹಾಲ್ವೋರ್ ಸೂಲ್‌ಬರ್ಗ್, ಬರ್ಗೆರೋನ್. ಎಲ್ಲರೂ ಮೂವತ್ತರೊಳಗಿನವರು. ಕಾರ್ಲ್-ಗುಸ್ತಾಫ್ ರಾಸ್‌ಬಿಗಂತೂ ಬರ್ಗನ್‌ಗೆ ಬಂದಾಗ ಇಪ್ಪತ್ತೇ ವರ್ಷ. ಹಿರಿಯರು ಮಾಡಿದ್ದು ಹಣ ತರುವ, ಜಗಳವಾಡುವ, ಪತ್ರ ಬರೆಯುವ, ಸಿದ್ಧಾಂತಕ್ಕೆ ಜಗತ್ತಿನೆಲ್ಲೆಡೆ ಪ್ರಚಾರ ಕೊಡುವ ಕೆಲಸ. ಪ್ರಚಾರದಲ್ಲಿ ಅವರು ಮಹಾ ಚತುರರು. ಯುದ್ಧ ಮುಗಿದು ರೈತರ ತುರ್ತು ಕಳೆದ ಕೂಡಲೇ ಮೀನುಗಾರರ ಸುರಕ್ಷತೆ, ವಿಮಾನಯಾನ ಎಂದೆಲ್ಲ ಹೊಸ ಕಾರಣ ಮುಂದಿಟ್ಟು ಕೇಂದ್ರಗಳು ಮುಚ್ಚದಂತೆ ನೋಡಿಕೊಂಡರು. ನನ್ನ ಪ್ರಕಾರ ಇದೂ ವಿಜ್ಞಾನವೇ. ಆ ಬಲೆ ಉಳಿಯದಿದ್ದರೆ ಗೆರೆಗಳು ಕಾಣುತ್ತಲೇ ಇರಲಿಲ್ಲ.

ಆದರೆ ಪ್ರಚಾರ ಎಲ್ಲ ಬಾಗಿಲನ್ನೂ ತೆರೆಸಲಿಲ್ಲ. ಅಮೆರಿಕದ ಆನ್ ಲೂಯಿಸ್ ಬೆಕ್ 1920-21ರಲ್ಲಿ ಬರ್ಗನ್‌ನಲ್ಲಿ ಕಲಿತು, ವಾಪಸ್ ಹೋಗಿ 1922ರಲ್ಲಿ ಅಲ್ಲಿಯ ಹವಾಮಾನ ಪತ್ರಿಕೆಯಲ್ಲಿ ಈ ಪದ್ಧತಿಯನ್ನು ವಿವರಿಸಿದರು. ಅಮೆರಿಕದ ಹವಾಮಾನ ಇಲಾಖೆ ಕಿವಿಗೊಡಲಿಲ್ಲ. ಬೆಕ್ ಶಾಲಾ ಶಿಕ್ಷಕಿಯಾಗಿ ಉಳಿದರು. ಅದೇ ಪದ್ಧತಿಯನ್ನು ಹೊತ್ತು ರಾಸ್‌ಬಿ 1926ರಲ್ಲಿ ಅಮೆರಿಕಕ್ಕೆ ಹೋದರು, ಅವರಿಗೂ ಶುರುವಿನಲ್ಲಿ ಇಲಾಖೆ ಮಣೆ ಹಾಕಲಿಲ್ಲ. ಆದರೆ ಅವರಿಗೆ ಎಂಐಟಿಯಲ್ಲಿ ಕುರ್ಚಿ ಸಿಕ್ಕಿತು, ಮುಂದೆ ಆ ದೇಶದ ಹವಾಮಾನ ವಿಜ್ಞಾನದ ದೊಡ್ಡ ಹೆಸರಾದರು. ಇಲಾಖೆ ವಾಯುರಾಶಿಗಳ ನಕ್ಷೆಗೆ ಹೊರಳಿದ್ದು 1930ರ ದಶಕದಲ್ಲಿ.

ನಮ್ಮೂರ ಮಳೆಗೆ ಈ ಕೋಲ್ಡ್ ಫ್ರಂಟ್, ವಾರ್ಮ್ ಫ್ರಂಟ್ ಲೆಕ್ಕ ನೇರವಾಗಿ ಹೊಂದುವುದಿಲ್ಲ ಅನ್ನೋದನ್ನು ಇಲ್ಲೇ ಹೇಳಿಬಿಡಬೇಕು. ಉಷ್ಣವಲಯದಲ್ಲಿ ಅಕ್ಕಪಕ್ಕದ ಗಾಳಿಗಳ ನಡುವೆ ಅಷ್ಟೊಂದು ಉಷ್ಣಾಂಶದ ಅಂತರ ಇರುವುದಿಲ್ಲ. ಮುಂಗಾರು ಅಂದ್ರೆ ಕಡಲಿನ ತೇವದ ಗಾಳಿ ಬಂದು ಪಶ್ಚಿಮ ಘಟ್ಟವನ್ನು ಹತ್ತುವ ಕತೆ. ಆದರೆ ಉತ್ತರ ಭಾರತದ ಚಳಿಗಾಲದ ಮಳೆ, ಹಿಮಾಲಯದ ಹಿಮ ಎರಡನ್ನೂ ತರುವ ‘ಪಶ್ಚಿಮದ ಅಡಚಣೆ’ಗಳು ಬರ್ಗನ್ನಿನ ಬಿರುಗಾಳಿಗಳ ದೂರದ ನೆಂಟರೇ. ಡಿಸೆಂಬರ್, ಜನವರಿಯಲ್ಲಿ ಉತ್ತರದ ಒಣ ತಣ್ಣನೆಯ ಗಾಳಿ ಕೆಳಗಿಳಿದಾಗ ಬೀದರ್, ಕಲಬುರಗಿ, ವಿಜಯಪುರದ ಜನ ನಡುಗುತ್ತಾರಲ್ಲ, ಅದೂ ವಾಯುರಾಶಿಯ ಆಟವೇ. ಇನ್ನು ಬಲೆಯ ವಿಷಯಕ್ಕೆ ಬಂದರೆ, ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಹಾಕಿದೆ. ನೂರು ವರ್ಷದ ಹಿಂದೆ ನಾರ್ವೆಯ ಕರಾವಳಿಯಲ್ಲಿ ಹೆಣೆದದ್ದೂ ಇಂಥದೇ ಸಣ್ಣ ಕಣ್ಣಿನ ಬಲೆ. ಅತ್ತ ಅಮೆರಿಕದಲ್ಲಿ 2025ರಲ್ಲಿ ನೌಕರರ ಕಡಿತದಿಂದಾಗಿ ಕೆಲವು ಕೇಂದ್ರಗಳಲ್ಲಿ ಹವಾಮಾನ ಬಲೂನು ಹಾರಿಸುವುದನ್ನೇ ನಿಲ್ಲಿಸಿದರು. ಬಲೆ ಹರಿಯಲು ಯುದ್ಧವೇ ಬೇಕಂತಿಲ್ಲ, ಬಜೆಟ್ ಸಾಕು.

ಲೆಕ್ಕ ಹಾಕಿ ಹವಾಮಾನ ಹೇಳುವ 1904ರ ಕನಸು ಏನಾಯಿತು? ಬ್ಯರ್ಕ್‌ನೆಸ್ ಅದನ್ನು ಪಕ್ಕಕ್ಕಿಟ್ಟು ನಕ್ಷೆಯ ಕಡೆ ಹೊರಳಿದ್ದರು. ಕೈಯಲ್ಲಿ ಮಾಡುವ ಲೆಕ್ಕ ಗಾಳಿಯಷ್ಟು ಬೇಗ ಓಡುತ್ತಿರಲಿಲ್ಲ. ಬ್ರಿಟನ್ನಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಮಾತ್ರ ಹಠ ಬಿಡಲಿಲ್ಲ. ಯುದ್ಧವಿರೋಧಿ ಕ್ವೇಕರ್ ಆಗಿದ್ದ ಅವರು ಬಂದೂಕು ಹಿಡಿಯದೆ ಫ್ರಾನ್ಸಿನಲ್ಲಿ ಆಂಬ್ಯುಲೆನ್ಸ್ ಓಡಿಸುತ್ತಾ, ಬಿಡುವಿನಲ್ಲಿ ಆರು ಗಂಟೆಯ ಹವಾಮಾನವನ್ನು ಲೆಕ್ಕ ಹಾಕಿದರು. ಬಳಸಿದ್ದು 1910ರ ಮೇ 20ರ ಮಾಹಿತಿ, ಬ್ಯರ್ಕ್‌ನೆಸ್ ಲೈಪ್‌ಜಿಗ್‌ನಿಂದ ಪ್ರಕಟಿಸಿದ್ದು. ಉತ್ತರ ಪೂರ್ತಿ ತಪ್ಪು ಬಂತು. ಅದನ್ನೂ ಮುಚ್ಚಿಡದೆ 1922ರಲ್ಲಿ ಪುಸ್ತಕ ಮಾಡಿದರು. ಜರ್ಮನಿಯಿಂದ ಹೊರಬಂದ ಅಂಕಿಗಳ ಮೇಲೆ ಬ್ರಿಟಿಷ್ ಶಾಂತಿವಾದಿಯೊಬ್ಬ ಯುದ್ಧಭೂಮಿಯಲ್ಲಿ ಕೂತು ಲೆಕ್ಕ ಬಿಡಿಸಿದ್ದು ಆ ಕಾಲದ ಒಂದು ವಿಚಿತ್ರ.

ಬ್ಯರ್ಕ್‌ನೆಸ್ 1926ರಲ್ಲಿ ಓಸ್ಲೋಗೆ ಹೋದರು, 1932ರಲ್ಲಿ ನಿವೃತ್ತರಾದರು. ನೊಬೆಲ್‌ಗೆ ಹಲವು ಸಲ ಹೆಸರು ಹೋಗಿತ್ತು, ಸಿಗಲಿಲ್ಲ. 1940ರ ಏಪ್ರಿಲ್ 9ರಂದು ನಾಜಿ ಸೈನ್ಯ ನಾರ್ವೆಗೆ ನುಗ್ಗಿತು. ಹವಾಮಾನದ ಮಾಹಿತಿ ಮತ್ತೆ ಸೈನಿಕ ರಹಸ್ಯವಾಯಿತು. ಗ್ರೀನ್‌ಲ್ಯಾಂಡ್, ಸ್ವಾಲ್‌ಬಾರ್ಡ್‌ನಲ್ಲಿ ಜರ್ಮನ್ನರು ಗುಟ್ಟಾಗಿ ಹವಾಮಾನ ಕೇಂದ್ರ ನಡೆಸಿದರು. 1944ರ ಜೂನ್‌ನಲ್ಲಿ ನಾರ್ಮಂಡಿ ದಾಳಿಯ ದಿನ ನಿಗದಿಯಾಗಬೇಕಿದ್ದಾಗ, 5ನೇ ತಾರೀಕು ಬೇಡ, ಬಿರುಗಾಳಿ ಇದೆ ಎಂದು ಪಟ್ಟುಹಿಡಿದವರಲ್ಲಿ ಬರ್ಗನ್ ಪದ್ಧತಿಯಲ್ಲಿ ಪಳಗಿದ ನಾರ್ವೆಯ ಸ್ವೆರೆ ಪೆಟ್ಟರ್ಸನ್ ಒಬ್ಬರು. ಸೈನ್ಯ 6ರಂದು ಇಳಿಯಿತು, ಕೋಲ್ಡ್ ಫ್ರಂಟ್ ದಾಟಿದ ಮೇಲೆ ಸಿಕ್ಕ ಪುಟ್ಟ ಬಿಡುವಿನಲ್ಲಿ.

1950ರ ಮಾರ್ಚ್ 23ರಂದು ವಿಶ್ವ ಹವಾಮಾನ ಸಂಸ್ಥೆಯ ಒಪ್ಪಂದ ಜಾರಿಗೆ ಬಂತು. ಅದೇ ವಸಂತದಲ್ಲಿ ಅಮೆರಿಕದ ಎನಿಯಾಕ್ ಕಂಪ್ಯೂಟರ್ 24 ಗಂಟೆಯ ಹವಾಮಾನವನ್ನು ಲೆಕ್ಕ ಹಾಕಿತು. ಅದಕ್ಕೆ ಹಿಡಿದ ಸಮಯವೂ ಹತ್ತಿರ ಹತ್ತಿರ 24 ಗಂಟೆಯೇ. ಆಗ ಬ್ಯರ್ಕ್‌ನೆಸ್‌ಗೆ 88 ವರ್ಷ. ಮರುವರ್ಷ ಏಪ್ರಿಲ್ 9ರಂದು ಓಸ್ಲೋದಲ್ಲಿ ತೀರಿಕೊಂಡರು.

ಮಗ ಯಾಕೋಬ್ ಅಮೆರಿಕದಲ್ಲಿ ಉಳಿದುಬಿಟ್ಟರು. ಆ ದಾಳಿ ನಡೆದಾಗ ಅವರು ಅಲ್ಲಿದ್ದರು, ವಾಪಸ್ ಹೋಗುವ ದಾರಿ ಮುಚ್ಚಿತ್ತು. 1969ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಪೆಸಿಫಿಕ್ ಸಾಗರ ಬಿಸಿಯಾಗುವ ಎಲ್ ನಿನೊವನ್ನೂ, ಬ್ರಿಟಿಷ್ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಮುಂಗಾರಿನ ಬರ ಊಹಿಸಲು ಹೋಗಿ ಕಂಡುಕೊಂಡಿದ್ದ ವಾಯುಒತ್ತಡದ ಏರಿಳಿತವನ್ನೂ ಒಂದೇ ಸೂತ್ರಕ್ಕೆ ಕಟ್ಟಿದರು. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಮುಂಗಾರಿನ ಮೊದಲ ಮುನ್ಸೂಚನೆ ಹೊರಬಿದ್ದಾಗ ನಮ್ಮ ಪತ್ರಿಕೆಗಳು ಎಲ್ ನಿನೊ ಇದೆಯೋ ಇಲ್ಲವೋ ಅಂತ ಮೊದಲು ನೋಡುವುದು ಆ ಸೂತ್ರದ ಕಾರಣಕ್ಕೆ.